ಗೆರೆ ಎಳೆದವರು ಯಾರು: ರಷ್ಯನ್ನರು ಮತ್ತು ಯಹೂದಿಗಳ ಇತಿಹಾಸದ ಬಗ್ಗೆ ಒಂದು ಪತ್ರ

ಮಾನ್ಯ ಸಂಪಾದಕರೇ,

ರಷ್ಯನ್ನರು ಮತ್ತು ಯಹೂದಿಗಳ ಸಂಬಂಧವನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಗಮನವಿಟ್ಟು ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ. ಆದರೆ ಆ ಬರಹ ಹಿಡಿದ ಧಾಟಿಯನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಒಂದೇ ನೆಲದಲ್ಲಿ ಅಕ್ಕಪಕ್ಕ ಬದುಕಿದ ಎರಡು ಜನಾಂಗಗಳು ಇನ್ನೂರು ವರ್ಷ ಒಂದನ್ನೊಂದು ಸಹಿಸದೆ ಹೋದವು, ಪೆಟ್ಟು ಕೊಟ್ಟವರೂ ತಿಂದವರೂ ಎರಡೂ ಕಡೆ ಇದ್ದಾರೆ, ಆದ್ದರಿಂದ ಲೆಕ್ಕ ಚುಕ್ತಾ ಮಾಡಿಕೊಳ್ಳುವುದೇ ಲೇಸು ಎಂಬ ಅರ್ಥ ಬರುವಂತೆ ಲೇಖಕರು ಬರೆದಿದ್ದಾರೆ. ಟಾಲ್‌ಸ್ಟಾಯ್, ಚೆಕಾಫ್, ಗೋರ್ಕಿಯವರನ್ನು ಓದಿಕೊಂಡು ರಷ್ಯವನ್ನು ಪ್ರೀತಿಸಲು ಕಲಿತವರಲ್ಲಿ ನಾನೂ ಒಬ್ಬ. ಆ ಪ್ರೀತಿಯಿಂದಲೇ ಹೇಳುತ್ತಿದ್ದೇನೆ: ಒಂದು ಪ್ರಭುತ್ವವು ತನ್ನ ಪ್ರಜೆಗಳಲ್ಲಿ ಒಂದು ಗುಂಪನ್ನು ಕಾಗದಪತ್ರಗಳ ಮೂಲಕ ಬೇರೆ ಮಾಡಿಟ್ಟ ಕತೆ ಇದು. ಜನರ ನಡುವೆ ನಡೆದ ಒಳ್ಳೆಯದೂ ಕೆಟ್ಟದೂ ಆ ಕಾಗದದ ನೆರಳಿನಲ್ಲಿಯೇ ನಡೆಯಿತು. ಅದನ್ನು ಎರಡು ಮನೆಗಳ ಜಗಳವೆಂದು ಕರೆದರೆ ಯಾರು ಬರೆದರು, ಯಾರು ಮುದ್ರೆ ಒತ್ತಿದರು ಎಂಬುದೇ ಮರೆಯಾಗುತ್ತದೆ.

ಮೊದಲು ‘ಅಕ್ಕಪಕ್ಕ’ ಎಂಬ ಮಾತನ್ನೇ ನೋಡೋಣ. ಪೋಲೆಂಡಿನ ವಿಭಜನೆಗೆ ಮುಂಚಿನ ರಷ್ಯದಲ್ಲಿ ಯಹೂದಿಗಳಿಗೆ ನೆಲೆಸಲು ಅವಕಾಶವೇ ಇರಲಿಲ್ಲವೆನ್ನಬಹುದು. ಅಲ್ಲಲ್ಲಿ ಇದ್ದ ಕೆಲವರನ್ನೂ ಹೊರಗೆ ಹಾಕುವಂತೆ 1742ರಲ್ಲಿ ಸಾಮ್ರಾಜ್ಞಿ ಎಲಿಜವೆತಾ ಆಜ್ಞೆ ಹೊರಡಿಸಿದಳು. ವ್ಯಾಪಾರಕ್ಕಾಗಿಯಾದರೂ ಅವರನ್ನು ಬರಗೊಟ್ಟರೆ ಬೊಕ್ಕಸಕ್ಕೆ ಲಾಭವಿದೆಯೆಂದು ಸೆನೆಟ್ ಬಿನ್ನವಿಸಿಕೊಂಡಾಗ, ಕ್ರಿಸ್ತನ ವೈರಿಗಳಿಂದ ಬರುವ ಲಾಭ ತನಗೆ ಬೇಡವೆಂದು ಬರೆದಳು. ಅದಾಗಿ ಮೂವತ್ತು ವರ್ಷಕ್ಕೆ ಪೋಲೆಂಡನ್ನು ನೆರೆಯ ಸಾಮ್ರಾಜ್ಯಗಳು ಹಂಚಿಕೊಳ್ಳತೊಡಗಿದವು. 1772, 1793 ಮತ್ತು 1795ರಲ್ಲಿ ಮೂರು ಕಂತಿನಲ್ಲಿ ನಡೆದ ಆ ಹಂಚಿಕೆಯಲ್ಲಿ ಲಿಥುವೇನಿಯ, ಬೆಲರೂಸ್ ಮತ್ತು ದ್ನೀಪರ್ ನದಿಯ ಬಲದಂಡೆಯ ಉಕ್ರೇನಿನ ವಿಶಾಲ ಸೀಮೆ ರಷ್ಯದ ಪಾಲಿಗೆ ಬಂತು. ಆ ಸೀಮೆಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದ ಲಕ್ಷಾಂತರ ಯಹೂದಿಗಳೂ ಬಂದರು. ಅವರು ಎಲ್ಲಿಂದಲೋ ರಷ್ಯಕ್ಕೆ ವಲಸೆ ಬಂದು ನುಗ್ಗಿದವರಲ್ಲ. ಅವರು ಇದ್ದಲ್ಲೇ ಇದ್ದರು. ರಷ್ಯದ ಗಡಿಯೇ ಅವರಿದ್ದಲ್ಲಿಗೆ ನಡೆದುಬಂತು.

ಆ ಗಡಿಯ ಬೆನ್ನಿಗೇ ಇನ್ನೊಂದು ಗೆರೆ ಬಂತು. ಯಹೂದಿ ವ್ಯಾಪಾರಿಗಳ ಪೈಪೋಟಿಯನ್ನು ತಾಳಲಾರೆವೆಂದು ಮಾಸ್ಕೋದ ವರ್ತಕರು ದೂರಿಕೊಂಡ ಮೇಲೆ, 1791ರಲ್ಲಿ ಎರಡನೆಯ ಕ್ಯಾಥರೀನ್ ಯಹೂದಿಗಳ ಹಕ್ಕುಗಳನ್ನು ಪಶ್ಚಿಮ ಮತ್ತು ದಕ್ಷಿಣದ ಕೆಲವೇ ಪ್ರಾಂತ್ಯಗಳಿಗೆ ಸೀಮಿತಗೊಳಿಸಿದಳು. 1835ರಲ್ಲಿ ಒಂದನೆಯ ನಿಕೊಲಾಯ್ ಅದನ್ನು ಶಾಸನವಾಗಿ ಕಟ್ಟಿದ. ರಷ್ಯನ್ ಭಾಷೆಯಲ್ಲಿ ಇದಕ್ಕೆ ‘ಚೆರ್ತಾ ಒಸೆದ್ಲೊಸ್ತಿ’ ಎಂದು ಹೆಸರು. ಚೆರ್ತಾ ಎಂದರೆ ಗೆರೆ. ನೆಲೆಸಬಹುದಾದ ಸೀಮೆಯ ಗೆರೆ. ಅದರ ಆಚೆ, ಅಂದರೆ ಮಾಸ್ಕೋ, ಪೀಟರ್ಸ್‌ಬರ್ಗ್ ಸೇರಿದಂತೆ ಅಪ್ಪಟ ರಷ್ಯನ್ ನಾಡಿನಲ್ಲಿ, ವಿಶೇಷ ಪರವಾನಗಿ ಇಲ್ಲದ ಯಹೂದಿ ಒಂದು ರಾತ್ರಿ ತಂಗಿದರೂ ಪೊಲೀಸರು ಎಬ್ಬಿಸಿ ಸಾಗಹಾಕಬಹುದಿತ್ತು. 1897ರ ಜನಗಣತಿಯಲ್ಲಿ ಸಾಮ್ರಾಜ್ಯದ ಯಹೂದಿಗಳ ಸಂಖ್ಯೆ ಸುಮಾರು 52 ಲಕ್ಷ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆ ಗೆರೆಯ ಒಳಗೇ ಇದ್ದರು. ಅವರ ನಿಜವಾದ ನೆರೆಹೊರೆ ಉಕ್ರೇನಿಯನ್ನರು, ಬೆಲರೂಸರು, ಪೋಲರು, ಲಿಥುವೇನಿಯನ್ನರು, ಮೊಲ್ದಾವಿಯನ್ನರು. ರಷ್ಯದ ಒಳನಾಡಿನ ಬಹುಪಾಲು ರೈತರು ಹುಟ್ಟಿ ಸಾಯುವವರೆಗೂ ಒಬ್ಬ ಯಹೂದಿಯ ಮುಖ ಕಂಡವರಲ್ಲ. ಹೀಗಿರುವಾಗ ಅಕ್ಕಪಕ್ಕದ ಜಗಳ ಎಲ್ಲಿಂದ ಬಂತು?

ಕಾಗದದ ಶಕ್ತಿ ಎಂಥದೆಂದು ತಿಳಿಯಬೇಕಾದರೆ 1827ರ ಸೇನಾಭರ್ತಿಯ ಆಜ್ಞೆಯನ್ನು ನೆನೆಯಬೇಕು. ಹನ್ನೆರಡು ತುಂಬಿದ ಯಹೂದಿ ಹುಡುಗರನ್ನು ‘ಕಂತೊನಿಸ್ತ್’ ಎಂಬ ಹೆಸರಿನಲ್ಲಿ ದೂರದ ಸೇನಾಶಾಲೆಗಳಿಗೆ ಒಯ್ಯುತ್ತಿದ್ದರು. ಹದಿನೆಂಟಾದ ಮೇಲೆ ಇಪ್ಪತ್ತೈದು ವರ್ಷದ ಸೇವೆ ಅಲ್ಲಿಂದಾಚೆಗೆ ಆರಂಭವಾಗುತ್ತಿತ್ತು. ಹನ್ನೆರಡೆಂದು ಕಾಗದದಲ್ಲಿ ಬರೆದು ಎಂಟೊಂಬತ್ತು ವರ್ಷದವರನ್ನೂ ಒಯ್ದರು. 1856ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಅಂದಾಜು 50,000 ಮಕ್ಕಳು ಹೀಗೆ ಹೋಗಿದ್ದರು. ಮತಾಂತರದ ಒತ್ತಡ ಶಾಲೆಯ ಪಾಠದಷ್ಟೇ ನಿತ್ಯದ್ದಾಗಿತ್ತು. 1835ರಲ್ಲಿ ಗಡೀಪಾರಿನ ಶಿಕ್ಷೆಯಲ್ಲಿ ಪ್ರಯಾಣಿಸುತ್ತಿದ್ದ ರಷ್ಯನ್ ಚಿಂತಕ ಅಲೆಕ್ಸಾಂದರ್ ಗೆರ್ತ್ಸೆನ್ ದಾರಿಯಲ್ಲಿ ಇಂಥ ಒಂದು ತಂಡವನ್ನು ಕಂಡ. ಸೈನಿಕರ ದೊಗಳೆ ಮೇಲಂಗಿ ತೊಟ್ಟ, ಚಳಿಗೆ ತುಟಿ ನೀಲಿಗಟ್ಟಿದ ಎಳೆಯ ಮಕ್ಕಳು ಸಾಲಾಗಿ ನಿಂತಿದ್ದರು. ಇವರಲ್ಲಿ ಅರ್ಧದಷ್ಟು ಮಂದಿ ಊರು ಮುಟ್ಟುವುದಿಲ್ಲವೆಂದು ಜೊತೆಗಿದ್ದ ಅಧಿಕಾರಿ ಸಹಜವಾಗಿ ಹೇಳಿದ. ಇಲ್ಲಿ ಯಹೂದಿ ಸಮುದಾಯದ ಮುಖಂಡರ ತಪ್ಪನ್ನೂ ನಾನು ಮುಚ್ಚಿಡುವುದಿಲ್ಲ. ಭರ್ತಿಯ ಸಂಖ್ಯೆ ತುಂಬಿಸುವ ಹೊಣೆ ಅವರ ಮೇಲಿತ್ತು. ಉಳ್ಳವರ ಮಕ್ಕಳನ್ನು ಉಳಿಸಿ ಬಡವರ, ಅನಾಥರ ಮಕ್ಕಳನ್ನು ಹಿಡಿದು ತರಲು ಅವರು ‘ಖಾಪರ್’ ಎಂಬ ಬಾಡಿಗೆಯ ಹಿಡುಕರನ್ನು ಇಟ್ಟುಕೊಂಡಿದ್ದರು. ತಾಯಂದಿರು ಶಪಿಸಿದ್ದು ತ್ಸಾರನಿಗಿಂತ, ಅಂದರೆ ರಷ್ಯದ ಚಕ್ರವರ್ತಿಗಿಂತ, ಹೆಚ್ಚಾಗಿ ಆ ಮುಖಂಡರನ್ನು. ಮೇಲಿನಿಂದ ಬಂದ ಒಂದು ಆಜ್ಞೆ ಒಂದು ಸಮುದಾಯವನ್ನು ಒಳಗಿನಿಂದಲೇ ಸೀಳಿದ ಬಗೆ ಇದು.

ಇನ್ನು ಗೆರೆಯನ್ನು ದಾಟಿ ಬದುಕಲು ಯತ್ನಿಸಿದವರ ಪಾಡು. ಐಸಾಕ್ ಲೆವಿತಾನ್ ಎಂಬ ಚಿತ್ರಕಾರನ ಹೆಸರನ್ನು ಲೇಖನದಲ್ಲಿ ಹುಡುಕಿದೆ, ಸಿಗಲಿಲ್ಲ. ರಷ್ಯದ ಬರ್ಚ್ ಮರ, ಕೆಸರಿನ ದಾರಿ, ವೋಲ್ಗಾ ನದಿಯ ಸಂಜೆ ಹೇಗಿರುತ್ತವೆ ಎಂದು ರಷ್ಯನ್ನರಿಗೇ ತೋರಿಸಿಕೊಟ್ಟವನು ಲಿಥುವೇನಿಯದ ಗಡಿಯೂರಿನಲ್ಲಿ ಹುಟ್ಟಿದ ಈ ಬಡ ಯಹೂದಿ. 1879ರಲ್ಲಿ ತ್ಸಾರನ ಮೇಲೆ ಗುಂಡಿನ ದಾಳಿ ನಡೆದ ಬಳಿಕ ದೊಡ್ಡ ನಗರಗಳಿಂದ ಯಹೂದಿಗಳನ್ನು ಸಾಗಹಾಕಿದಾಗ, ಇನ್ನೂ ಇಪ್ಪತ್ತು ತುಂಬದ ಲೆವಿತಾನ್ ಮಾಸ್ಕೋ ಬಿಟ್ಟು ಹೊರವಲಯದ ಹಳ್ಳಿಯೊಂದರಲ್ಲಿ ಇರಬೇಕಾಯಿತು. ಅದೇ ವರ್ಷ ಅವನು ಮಾಸ್ಕೋದ ಸೊಕೊಲ್ನಿಕಿ ಉದ್ಯಾನದ ಶರತ್ಕಾಲವನ್ನು ಚಿತ್ರಿಸಿದ. ಎರಡು ಸಾಲು ಮರಗಳ ನಡುವಿನ ದಾರಿಯಲ್ಲಿ ಕಪ್ಪು ಉಡುಪಿನ ಹೆಂಗಸೊಬ್ಬಳು ನಮ್ಮತ್ತ ನಡೆದು ಬರುತ್ತಾಳೆ. ಆ ಹೆಂಗಸಿನ ಆಕೃತಿಯನ್ನು ಬಿಡಿಸಿದವನು ಲೆವಿತಾನನ ಗೆಳೆಯ ನಿಕೊಲಾಯ್ ಚೆಕಾಫ್, ಕತೆಗಾರ ಚೆಕಾಫನ ಅಣ್ಣ. ದಾರಿ ಮತ್ತು ಆಕಾಶ ಒಬ್ಬ ಯಹೂದಿಯ ಕೈಯದು, ನಡೆದು ಬರುವ ಜೀವ ಒಬ್ಬ ರಷ್ಯನ್ನನ ಕೈಯದು. ಚಿತ್ರವನ್ನು ಕೊಂಡು ತನ್ನ ಸಂಗ್ರಹದಲ್ಲಿ ಇಟ್ಟವನು ಮಾಸ್ಕೋದ ವರ್ತಕ ತ್ರೆತ್ಯಾಕೊವ್. ಹದಿಮೂರು ವರ್ಷದ ಮೇಲೆ, 1892ರಲ್ಲಿ, ಆ ಹೊತ್ತಿಗೆ ಹೆಸರಾಂತನಾಗಿದ್ದ ಇದೇ ಕಲಾವಿದನನ್ನು ಮಾಸ್ಕೋದಿಂದ ಮತ್ತೆ ಹೊರಗೆ ಕಳಿಸಿದರು, ಗೆಳೆಯರು ಓಡಾಡಿ ಮತ್ತೆ ಕರೆತಂದರು. ಸೈಬೀರಿಯಕ್ಕೆ ಕೈದಿಗಳು ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ವ್ಲಾದಿಮಿರ್ ರಸ್ತೆಯ ಅವನ ಚಿತ್ರ ಆ ವರ್ಷದ್ದು. ಇಲ್ಲಿ ಎರಡು ಜನಾಂಗಗಳ ನಡುವೆ ಯಾವ ಜಗಳವಿತ್ತೆಂದು ಲೇಖಕರು ಹೇಳಬೇಕು.

1881ರ ಮಾರ್ಚಿಯಲ್ಲಿ ಎರಡನೆಯ ಅಲೆಕ್ಸಾಂದರ್ ಬಾಂಬಿಗೆ ಬಲಿಯಾದ. ಸಂಚುಗಾರರಲ್ಲಿ ಗೆಸ್ಯಾ ಗೆಲ್ಫ್‌ಮನ್ ಎಂಬ ಒಬ್ಬಳೇ ಒಬ್ಬ ಯಹೂದಿ ಹೆಂಗಸು ಇದ್ದಳು, ಅಷ್ಟೇ ಸಾಕಾಯಿತು. ಏಪ್ರಿಲಿನಲ್ಲಿ ಎಲಿಜವೆತ್‌ಗ್ರಾದಿನಲ್ಲಿ ಆರಂಭವಾದ ಹಿಂಸೆ ರೈಲು ಹಾದಿಗಳಗುಂಟ ದಕ್ಷಿಣದ ಊರೂರಿಗೆ ಹಬ್ಬಿತು. ಯಹೂದಿಗಳ ಮೇಲಿನ ಇಂಥ ಗುಂಪುದಾಳಿಯನ್ನು ಹೇಳುವ ‘ಪೊಗ್ರೋಮ್’ ಎಂಬ ರಷ್ಯನ್ ಪದ ಜಗತ್ತಿನ ಭಾಷೆಗಳನ್ನು ಸೇರಿದ್ದು ಈ ಕಾಲದಲ್ಲಿ. ಸರ್ಕಾರವೇ ಆದೇಶ ಕೊಟ್ಟು ಇದನ್ನು ಮಾಡಿಸಿತೆಂದು ಬಹಳ ಕಾಲ ನಂಬಲಾಗಿತ್ತು. ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಸರ್ಕಾರ ಆಮೇಲೆ ಮಾಡಿದ್ದೇನು ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ. 1882ರ ಮೇ ತಿಂಗಳ ‘ತಾತ್ಕಾಲಿಕ ನಿಯಮ’ಗಳ ಪ್ರಕಾರ ಯಹೂದಿಗಳು ಗೆರೆಯ ಒಳಗೂ ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವಂತಿಲ್ಲ, ಅಲ್ಲಿ ಜಮೀನು ಕೊಳ್ಳುವಂತಿಲ್ಲ, ಭಾನುವಾರ ಅಂಗಡಿ ತೆರೆಯುವಂತಿಲ್ಲ. ಪೆಟ್ಟು ತಿಂದವನಿಗೇ ದಂಡ. ತಾತ್ಕಾಲಿಕವೆಂದು ಬರೆದದ್ದು ಮೂವತ್ತೈದು ವರ್ಷ ನಡೆಯಿತು. 1887ರಲ್ಲಿ ವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪಾಲು ನಿಗದಿಯಾಯಿತು: ಗೆರೆಯೊಳಗೆ ನೂರಕ್ಕೆ ಹತ್ತು, ಹೊರಗೆ ಐದು, ಪೀಟರ್ಸ್‌ಬರ್ಗ್, ಮಾಸ್ಕೋ ಎಂಬ ಎರಡು ರಾಜಧಾನಿಗಳಲ್ಲಿ ಮೂರು. 1891ರಲ್ಲಿ ಮಾಸ್ಕೋದಿಂದ ಸುಮಾರು 20,000 ಯಹೂದಿ ಕುಶಲಕರ್ಮಿಗಳು, ವ್ಯಾಪಾರಿಗಳು ಮನೆಮಂದಿಯೊಡನೆ ಹೊರಬಿದ್ದರು. 1914ರೊಳಗೆ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಹಡಗು ಹತ್ತಿದ ಯಹೂದಿಗಳು ಸುಮಾರು 20 ಲಕ್ಷ. ಅವರಲ್ಲಿ ಹೆಚ್ಚಿನವರು ಈ ಸಾಮ್ರಾಜ್ಯದವರೇ.

ವಿದ್ಯಾವಂತ ರಷ್ಯನ್ನರು ಏನು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. 1881ರಲ್ಲಿ ಬಹುತೇಕ ಸಾಹಿತಿಗಳು ಮೌನವಾಗಿದ್ದರು. ಕ್ರಾಂತಿಕಾರಿಗಳ ‘ನರೋದ್ನಾಯಾ ವೋಲ್ಯಾ’ ಸಂಘಟನೆಯಿಂದ ಆ ಹಿಂಸೆಯನ್ನು ಮೆಚ್ಚಿದ ಕರಪತ್ರವೊಂದು ಕೂಡ ಹೊರಬಂತು. ಮನುಷ್ಯನ ಅಂತರಂಗವನ್ನು ಅಷ್ಟು ಆಳವಾಗಿ ಕಂಡ ದಸ್ತಯೆವ್‌ಸ್ಕಿ ಯಹೂದಿಗಳ ವಿಷಯಕ್ಕೆ ಬಂದಾಗ 1877ರಲ್ಲಿ ಬರೆದ ಪುಟಗಳು ಓದುಗನಿಗೆ ಇಂದಿಗೂ ನೋವುಂಟುಮಾಡುತ್ತವೆ. ಇನ್ನೊಂದು ಬದಿಯಲ್ಲಿ ದಾರ್ಶನಿಕ ವ್ಲಾದಿಮಿರ್ ಸೊಲೊವ್ಯೊವ್ 1890ರಲ್ಲಿ ಯಹೂದಿ ದ್ವೇಷದ ವಿರುದ್ಧ ಒಂದು ಖಂಡನಾಪತ್ರ ಸಿದ್ಧಪಡಿಸಿದಾಗ ಟಾಲ್‌ಸ್ಟಾಯ್ ಮತ್ತು ಲೇಖಕ ಕೊರೊಲೆಂಕೊ ಅದಕ್ಕೆ ಸಹಿ ಹಾಕಿದರು. ರಷ್ಯದಲ್ಲಿ ಅದನ್ನು ಅಚ್ಚು ಮಾಡಲು ಸರ್ಕಾರ ಬಿಡಲಿಲ್ಲ. ಅದು ಬೆಳಕು ಕಂಡದ್ದು ಲಂಡನ್ನಿನಲ್ಲಿ. 1903ರ ಈಸ್ಟರ್ ಹೊತ್ತಿಗೆ ಕಿಷಿನ್ಯೊವ್ ನಗರದಲ್ಲಿ, ಕ್ರುಷೆವಾನ್ ಎಂಬವನ ಪತ್ರಿಕೆ ಹಚ್ಚಿದ ಸುಳ್ಳಿನ ಬೆಂಕಿಗೆ 49 ಜನ ಬಲಿಯಾದಾಗ ಹೊಣೆ ಸರ್ಕಾರದ್ದೇ ಎಂದು ಟಾಲ್‌ಸ್ಟಾಯ್ ನೇರವಾಗಿ ಬರೆದರು. ಅದೇ ಕ್ರುಷೆವಾನ್ ಅದೇ ವರ್ಷ ತನ್ನ ಪೀಟರ್ಸ್‌ಬರ್ಗ್ ಪತ್ರಿಕೆಯಲ್ಲಿ ಯಹೂದಿಗಳು ಜಗತ್ತನ್ನಾಳಲು ಸಂಚು ಹೂಡಿದ್ದಾರೆನ್ನುವ, ‘ಜಿಯೋನಿನ ಹಿರಿಯರ’ ಹೆಸರಿನ ನಕಲಿ ದಾಖಲೆಯನ್ನು ಮೊದಲ ಬಾರಿಗೆ ಪ್ರಕಟಿಸಿದ. ಅದು ಕೃತಿಚೌರ್ಯದಿಂದ ಹೆಣೆದ ಸುಳ್ಳೆಂದು 1921ರಲ್ಲೇ ಸಾಬೀತಾದರೂ ಅದರ ವಿಷ ಇನ್ನೂ ಇಳಿದಿಲ್ಲ.

ಈ ಇತಿಹಾಸದಿಂದ ಒಂದೇ ಒಂದು ಪ್ರಕರಣವನ್ನು ಓದುಗರ ಮುಂದಿಡಿ ಎಂದು ಯಾರಾದರೂ ಕೇಳಿದರೆ ನಾನು ಆರಿಸುವುದು ಕೀವಿನ ಮೆಂಡೆಲ್ ಬೆಯ್ಲಿಸ್‌ನ ವಿಚಾರಣೆಯನ್ನು. 1911ರ ಮಾರ್ಚಿ 12, ಶನಿವಾರ, ಆಂದ್ರೇಯ್ ಯುಷ್ಚಿನ್‌ಸ್ಕಿ ಎಂಬ ಹದಿಮೂರು ವರ್ಷದ ಹುಡುಗ ಕಾಣೆಯಾದ. ಎಂಟು ದಿನದ ಮೇಲೆ ಊರಂಚಿನ ಗುಹೆಯೊಂದರಲ್ಲಿ ಮೈತುಂಬ ಇರಿತದ ಗಾಯಗಳೊಡನೆ ಅವನ ಶವ ಸಿಕ್ಕಿತು. ಯಹೂದಿಗಳು ಹಬ್ಬಕ್ಕೆ ರಕ್ತ ಬಸಿದುಕೊಂಡಿದ್ದಾರೆ, ಸೇಡು ತೀರಿಸಿಕೊಳ್ಳಿ ಎಂಬ ಕರಪತ್ರಗಳು ಹುಡುಗನ ಅಂತ್ಯಸಂಸ್ಕಾರದಲ್ಲೇ ಹಂಚಿಕೆಯಾದವು. ಆ ಹತ್ತಿರದಲ್ಲಿ ಒಂದು ಇಟ್ಟಿಗೆ ಕಾರ್ಖಾನೆ; ಅಲ್ಲಿ ಲೆಕ್ಕಪತ್ರ, ರವಾನೆ ನೋಡಿಕೊಳ್ಳುತ್ತಿದ್ದ, ಐದು ಮಕ್ಕಳ ತಂದೆ ಬೆಯ್ಲಿಸ್. ಸುತ್ತಲಿನವರೆಲ್ಲ ಕ್ರೈಸ್ತರು. 1905ರ ಗಲಭೆಯಲ್ಲಿ ತನ್ನ ಮನೆಗೆ ಕೇಡಾಗದಂತೆ ಅಲ್ಲಿಯ ಪಾದ್ರಿ ನೋಡಿಕೊಂಡದ್ದನ್ನು ಅವನೇ ಮುಂದೆ ನೆನೆದಿದ್ದಾನೆ. ಜುಲೈ ತಿಂಗಳ ಒಂದು ರಾತ್ರಿ ಪೊಲೀಸರು ಬಂದು ಅವನನ್ನು ಹಿಡಿದೊಯ್ದರು. ವಿಚಾರಣೆಗೆ ಮುಂಚೆ ಅವನು ಸೆರೆಯಲ್ಲಿ ಕಳೆದದ್ದು ಎರಡು ವರ್ಷಕ್ಕೂ ಹೆಚ್ಚು.

ಕೊಲೆಯ ಜಾಡು ವೇರಾ ಚೆಬೆರ್ಯಾಕ್ ಎಂಬ ಹೆಂಗಸಿನ ಮನೆಗೂ ಅಲ್ಲಿ ಸೇರುತ್ತಿದ್ದ ಕಳ್ಳರ ಗುಂಪಿಗೂ ಹೋಗುತ್ತದೆಂದು ಪತ್ತೇದಾರ ನಿಕೊಲಾಯ್ ಕ್ರಾಸೋವ್‌ಸ್ಕಿ ಕಂಡುಕೊಂಡಿದ್ದ. ಅವನು ನುರಿತ ಅಧಿಕಾರಿ. ಸತ್ಯ ಹೇಳಿದ್ದಕ್ಕೆ ಅವನನ್ನು ಕೆಲಸದಿಂದ ತೆಗೆದರು. ನ್ಯಾಯಮಂತ್ರಿ ಶೆಗ್ಲೋವಿತೊವ್‌ಗೆ ಬೇಕಾಗಿದ್ದದ್ದು ಕೊಲೆಗಾರನಲ್ಲ, ಯಹೂದಿ ಕೊಲೆಗಾರ. 1913ರ ಸೆಪ್ಟೆಂಬರಿನಲ್ಲಿ ವಿಚಾರಣೆ ಆರಂಭವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಕೀವಿನ ಕಡೆ ನೋಡುತ್ತಿದ್ದವು. ಆ ಶನಿವಾರ ಬೆಯ್ಲಿಸ್ ಎಲ್ಲಿದ್ದ ಎಂಬುದಕ್ಕೆ ಇಟ್ಟಿಗೆ ಗಾಡಿಗಳನ್ನು ಕಳಿಸುವಾಗ ಅವನೇ ಸಹಿ ಮಾಡಿದ ರಸೀದಿಗಳಿದ್ದವು. ಯಾವ ಕಾಗದ ಒಂದು ಜನಾಂಗವನ್ನು ಕಟ್ಟಿಹಾಕಿತ್ತೋ ಅದೇ ಕಾಗದ ಇಲ್ಲಿ ಒಬ್ಬ ಅಮಾಯಕನ ನೆರವಿಗೆ ಬಂತೆಂಬುದನ್ನು ನಾನು ಮರೆಯಲಾರೆ.

ಆ ನ್ಯಾಯಾಲಯದಲ್ಲಿ ಯಾರು ಯಾವ ಕಡೆ ನಿಂತಿದ್ದರೆಂದು ನೋಡಿ. ಬೆಯ್ಲಿಸ್ ಪರ ವಕೀಲರ ಮುಂದಾಳು ಒಸ್ಕರ್ ಗ್ರುಜೆನ್‌ಬೆರ್ಗ್; ಯಹೂದಿಯೆಂಬ ಒಂದೇ ಕಾರಣಕ್ಕೆ 1889ರಿಂದ 1905ರವರೆಗೆ ‘ಸಹಾಯಕ ವಕೀಲ’ನಾಗಿಯೇ ದುಡಿಯಬೇಕಾಗಿ ಬಂದವರು. ಅವರ ಜೊತೆಗೆ ಮಕ್ಲಕೋವ್, ಕರಬ್‌ಚೆವ್‌ಸ್ಕಿ, ಜರೂದ್ನಿಯಂಥ ರಷ್ಯದ ಅತ್ಯುತ್ತಮ ವಕೀಲರು. ತಾಷ್ಕೆಂಟಿನಿಂದ ಕರೆಸಿದ ಪ್ರಾನೈತಿಸ್ ಎಂಬ ಕ್ಯಾಥೊಲಿಕ್ ಪಾದ್ರಿ ಯಹೂದಿ ಧರ್ಮ ಇಂಥ ಕೊಲೆಯನ್ನು ವಿಧಿಸುತ್ತದೆಂದು ಸರ್ಕಾರದ ಪರ ಹೇಳಿದ. ಯಹೂದಿಗಳ ಧರ್ಮಗ್ರಂಥವಾದ ತಾಲ್ಮುದಿನ ಬಗ್ಗೆ ಕೇಳಿದ ಸಾಮಾನ್ಯ ಪ್ರಶ್ನೆಗಳಿಗೂ ಅವನಲ್ಲಿ ಉತ್ತರವಿರಲಿಲ್ಲ. ಅದನ್ನು ಅಲ್ಲಗಳೆದು ಸಾಕ್ಷ್ಯ ನುಡಿದವರಲ್ಲಿ ಹೀಬ್ರೂ ಪಂಡಿತ ಕೊಕೊವ್ತ್ಸೊವ್ ಮತ್ತು ಆರ್ಥೊಡಾಕ್ಸ್ ಧರ್ಮವಿದ್ಯಾಪೀಠದ ಪ್ರಾಧ್ಯಾಪಕ ತ್ರೊಯಿತ್ಸ್ಕಿ ಇದ್ದರು. ಇಬ್ಬರೂ ರಷ್ಯನ್ನರು, ಕ್ರೈಸ್ತರು. ಯಹೂದಿಗಳು ರಕ್ತಕ್ಕಾಗಿ ಕೊಲ್ಲುತ್ತಾರೆಂಬ ಈ ರಕ್ತಾರೋಪದ ವಿರುದ್ಧ ಕೊರೊಲೆಂಕೊ 1911ರಲ್ಲೇ ಬರೆದ ಮನವಿಗೆ ಗೋರ್ಕಿ, ಬ್ಲೋಕ್ ಮೊದಲಾದವರು ಸಹಿ ಹಾಕಿದ್ದರು. ವಿಚಾರಣೆಯ ಹೊತ್ತಿಗೆ ಕೊರೊಲೆಂಕೊ ಅನಾರೋಗ್ಯದಲ್ಲೂ ಕೀವಿಗೆ ಬಂದು ನ್ಯಾಯಾಲಯದಲ್ಲಿ ಕುಳಿತು ವರದಿ ಬರೆದರು. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ವಸಿಲಿ ಶುಲ್ಗಿನ್‌ನ ನಡೆ. ಆತ ರಾಜಭಕ್ತ, ತಾನು ಯಹೂದಿ ವಿರೋಧಿಯೆಂದು ಬಹಿರಂಗವಾಗಿ ಹೇಳಿಕೊಂಡವನು, ‘ಕೀವ್ಲ್ಯಾನಿನ್’ ಎಂಬ ಬಲಪಂಥೀಯ ಪತ್ರಿಕೆಯ ಸಂಪಾದಕ. ಆರೋಪಪಟ್ಟಿಯನ್ನು ಓದಿ ಅದು ಪೊಳ್ಳೆಂದು ತನ್ನ ಪತ್ರಿಕೆಯಲ್ಲೇ ಬರೆದ. ಆ ಸಂಚಿಕೆಯನ್ನು ಮುಟ್ಟುಗೋಲು ಹಾಕಿಕೊಂಡರು. ಅವನಿಗೆ ಮೂರು ತಿಂಗಳ ಸೆರೆವಾಸ ವಿಧಿಸಿದರು. ಪತ್ರಿಕೆ ನಡೆಸುವ ನಿಮಗೆ, ಸಂಪಾದಕರೇ, ಆ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ಹನ್ನೆರಡು ಮಂದಿ ತೀರ್ಪುಗಾರರಲ್ಲಿ ಹೆಚ್ಚಿನವರು ರೈತರು. ಓದು ಬರಹ ಬಲ್ಲ ನಗರವಾಸಿಗಳನ್ನು ಕೈಬಿಟ್ಟು ಬೇಕೆಂದೇ ಇಂಥವರನ್ನು ಕೂರಿಸಿದ್ದಾರೆಂದು ಕೊರೊಲೆಂಕೊ ಆಪಾದಿಸಿದರು. ಆ ತೀರ್ಪುಗಾರರ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು. ಕೊಲೆ ಆ ಇಟ್ಟಿಗೆ ಕಾರ್ಖಾನೆಯ ಆವರಣದಲ್ಲೇ, ರಕ್ತ ಬಸಿಯುವಂಥ ಗಾಯಗಳಿಂದ ನಡೆಯಿತೇ ಎಂಬ ಮೊದಲ ಪ್ರಶ್ನೆಗೆ ಹೌದೆಂದರು. ಬೆಯ್ಲಿಸ್ ಅಪರಾಧಿಯೇ ಎಂಬ ಎರಡನೆಯ ಪ್ರಶ್ನೆಗೆ ಅಲ್ಲವೆಂದರು. ಈ ಎರಡು ಉತ್ತರಗಳನ್ನು ಒಟ್ಟಿಗೆ ಓದಬೇಕು. ಹಳೆಯ ಕಟ್ಟುಕತೆಯ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಲಾಗದ ಜನ, ಮಂತ್ರಿಯಿಂದ ಹಿಡಿದು ಸರ್ಕಾರಿ ವಕೀಲನವರೆಗೆ ಎಲ್ಲರೂ ಒತ್ತಿ ಹೇಳಿದರೂ, ಕಣ್ಣೆದುರು ಕುಳಿತ ಮನುಷ್ಯನ ಮೇಲೆ ಆ ಕತೆಯನ್ನು ಹೊರಿಸಲು ಒಪ್ಪಲಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ರಷ್ಯನ್ ಸಾಮ್ರಾಜ್ಯದ ಜನಸಾಮಾನ್ಯರು ಮತ್ತು ಯಹೂದಿಗಳ ಸಂಬಂಧದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಮತ್ತೊಂದಿಲ್ಲ.

1917ರ ಕ್ರಾಂತಿಯನ್ನು ಯಹೂದಿಗಳೇ ತಂದರು, ಹಾಗಾಗಿ ಹಳೆಯ ಬಾಕಿ ತೀರಿತು ಎಂಬ ಧ್ವನಿ ಲೇಖನದಲ್ಲಿದೆ. ಈ ಮಾತು ನನಗೆ ಅತ್ಯಂತ ಬೇಸರ ತಂದಿತು. ಲೆನಿನ್‌ನ ಬೋಲ್ಶೆವಿಕ್ ಪಕ್ಷದ ನಾಯಕರಲ್ಲಿ ತ್ರೋತ್ಸ್ಕಿ, ಜಿನೊವ್ಯೆವ್, ಕಾಮೆನೆವ್, ಸ್ವೆರ್ದ್ಲೋವ್ ಇದ್ದರು ನಿಜ; ಜನಸಂಖ್ಯೆಯ ಪಾಲಿಗೆ ಹೋಲಿಸಿದರೆ ಮೇಲಿನ ಹಂತದಲ್ಲಿ ಯಹೂದಿಗಳು ಹೆಚ್ಚಾಗಿದ್ದರೆಂಬುದೂ ನಿಜ. ವಿದ್ಯಾಲಯ, ನೌಕರಿ, ನೆಲೆಸುವ ಹಕ್ಕು ಮೂರನ್ನೂ ಮುಚ್ಚಿದ ಮನೆಯ ಮಕ್ಕಳು ಬಂಡಾಯದ ಬಾಗಿಲು ತಟ್ಟಿದರೆ ಆಶ್ಚರ್ಯವೇನಿದೆ? ಆದರೂ 1922ರಲ್ಲಿ ಪಕ್ಷದ ಸದಸ್ಯರಲ್ಲಿ ಯಹೂದಿಗಳು ನೂರಕ್ಕೆ ಐದರಷ್ಟೇ. ಅದೇ ಕಾಲದಲ್ಲಿ ಬೋಲ್ಶೆವಿಕರನ್ನು ಎದುರಿಸಿದ ಮೆನ್ಶೆವಿಕ್ ಸಮಾಜವಾದಿಗಳ ನಾಯಕ ಮಾರ್ತೊವ್ ಯಹೂದಿ, 1897ರಲ್ಲಿ ವಿಲ್ನಾದಲ್ಲಿ ಹುಟ್ಟಿದ ‘ಬುಂದ್’ ಸಂಘಟನೆ ಯಹೂದಿ ಕಾರ್ಮಿಕರದು, ಯಹೂದಿಗಳಿಗೆ ಸ್ವಂತ ನಾಡು ಬೇಕೆಂದ ಜಿಯೋನವಾದಿಗಳದು ಮತ್ತೊಂದು ದಾರಿ. 1918ರ ಆಗಸ್ಟ್ 30ರಂದು ಪೆತ್ರೊಗ್ರಾದಿನಲ್ಲಿ ಗುಪ್ತಪೊಲೀಸ್ ದಳದ ಮುಖ್ಯಸ್ಥ ಉರಿತ್ಸ್ಕಿಯನ್ನು ಕನ್ನೆಗಿಸೆರ್ ಎಂಬ ಯುವಕವಿ ಗುಂಡಿಕ್ಕಿ ಕೊಂದ. ಸತ್ತವನೂ ಯಹೂದಿ, ಕೊಂದವನೂ ಯಹೂದಿ. ಒಂದು ಜನಾಂಗ ಒಂದೇ ಮನಸ್ಸಿನಿಂದ ಸಂಚು ಹೂಡಿತೆನ್ನುವವರು ಆ ದಿನವನ್ನು ಎಲ್ಲಿ ಇಡುತ್ತಾರೆ?

ಗೆರೆಯನ್ನು ಅಳಿಸಿದ್ದು ಬೋಲ್ಶೆವಿಕರೂ ಅಲ್ಲ. ಧರ್ಮ ಮತ್ತು ಜನಾಂಗದ ಆಧಾರದ ನಿರ್ಬಂಧಗಳನ್ನೆಲ್ಲ 1917ರ ವಸಂತದಲ್ಲಿ ರದ್ದು ಮಾಡಿದ್ದು ತ್ಸಾರ್ ಆಳ್ವಿಕೆ ಬಿದ್ದ ಮೇಲೆ ಬಂದ ತಾತ್ಕಾಲಿಕ ಸರ್ಕಾರ. ಅದರ ಹಿಂದೆಯೇ ಅಂತರ್ಯುದ್ಧ ಬಂತು. ಉಕ್ರೇನಿನ ರಾಷ್ಟ್ರವಾದಿ ಪೆತ್ಲ್ಯೂರನ ಪಡೆಗಳು, ಬೋಲ್ಶೆವಿಕರ ವಿರುದ್ಧ ಕಾದಿದ ದೆನಿಕಿನ್‌ನ ಬಿಳಿ ಸೇನೆ, ಅತಮಾನರೆಂಬ ಪುಂಡ ದಳಪತಿಗಳು, ಕೆಲವೆಡೆ ಬೋಲ್ಶೆವಿಕರ ಕೆಂಪು ದಳಗಳೂ ಸೇರಿ ಉಕ್ರೇನಿನ ಊರುಗಳಲ್ಲಿ ಕೊಂದ ಯಹೂದಿಗಳ ಸಂಖ್ಯೆಯನ್ನು ಅತಿ ಕಡಿಮೆ ಲೆಕ್ಕ ಹಾಕುವವರೂ ಹತ್ತಾರು ಸಾವಿರ ಎನ್ನುತ್ತಾರೆ. ಹೊಸ ಸರ್ಕಾರ ಯಹೂದಿ ದ್ವೇಷವನ್ನು ಖಂಡಿಸಿ 1918ರಲ್ಲಿ ಆದೇಶ ಹೊರಡಿಸಿತು, ಲೆನಿನ್ ಅದರ ವಿರುದ್ಧ ಮಾಡಿದ ಭಾಷಣ ಧ್ವನಿಮುದ್ರಿಕೆಯಾಗಿ ಹೊರಬಂತು. ಅದೇ ಸರ್ಕಾರ ಹೀಬ್ರೂ ಕಲಿಕೆಯನ್ನು ಅದುಮಿತು, ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗುಗಳನ್ನು ಮುಚ್ಚಿಸಿತು. ಎರಡೂ ಸತ್ಯ.

1941ರ ಸೆಪ್ಟೆಂಬರ್ 29 ಮತ್ತು 30ರಂದು, ಬೆಯ್ಲಿಸ್‌ನ ವಿಚಾರಣೆ ನಡೆದ ಅದೇ ಕೀವಿನಲ್ಲಿ, ಬಾಬಿ ಯಾರ್ ಎಂಬ ಕಂದರದ ಅಂಚಿನಲ್ಲಿ ನಾತ್ಸಿಗಳು 33,771 ಯಹೂದಿಗಳನ್ನು ಗುಂಡಿಕ್ಕಿ ಕೊಂದರು. ಇದು ಜರ್ಮನರ ಲೆಕ್ಕವೇ. ಸುಮಾರು 5 ಲಕ್ಷ ಯಹೂದಿಗಳು ಕೆಂಪು ಸೇನೆಯಲ್ಲಿ ರಷ್ಯನ್ನರ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದರು. ಆಶ್ವಿಟ್ಜ್ ಶಿಬಿರದ ಬಾಗಿಲನ್ನು 1945ರ ಜನವರಿ 27ರಂದು ತೆರೆದದ್ದು ಆ ಸೇನೆ. ಎರಡು ಜನಾಂಗಗಳು ಇಷ್ಟು ಹತ್ತಿರ ಬಂದ ಕಾಲ ಬೇರೊಂದಿಲ್ಲ. ಪ್ರಭುತ್ವ ಮಾತ್ರ ದೂರ ಸರಿಯಿತು. ಯುದ್ಧಕಾಲದಲ್ಲಿ ಯಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿಯನ್ನು ಮುನ್ನಡೆಸಿದ ಮಹಾನಟ ಸೊಲೊಮೊನ್ ಮಿಖೊಯೆಲ್ಸ್‌ರನ್ನು 1948ರ ಜನವರಿಯಲ್ಲಿ ಮಿನ್ಸ್ಕ್‌ನಲ್ಲಿ ಸ್ತಾಲಿನ್‌ನ ಗುಪ್ತದಳ ಕೊಂದು ರಸ್ತೆ ಅಪಘಾತವೆಂದು ತೋರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಇಸ್ರೇಲಿಗೆ ಮೊದಲು ಪೂರ್ಣ ಮಾನ್ಯತೆ ಕೊಟ್ಟದ್ದೂ ಇದೇ ಸರ್ಕಾರ. 1952ರ ಆಗಸ್ಟ್ 12ರಂದು ಸಮಿತಿಯ 13 ಮಂದಿಗೆ, ಅವರಲ್ಲಿ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯ ಶ್ರೇಷ್ಠ ಕವಿಗಳಿದ್ದರು, ಮರಣದಂಡನೆಯಾಯಿತು. 1953ರ ಜನವರಿಯಲ್ಲಿ ನಾಯಕರನ್ನು ಕೊಲ್ಲಲು ಸಂಚು ಹೂಡಿದ ‘ಕೊಲೆಗಡುಕ ವೈದ್ಯರ’ ಸುದ್ದಿ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಬಂದಾಗ ರೋಗಿಗಳು ಯಹೂದಿ ವೈದ್ಯರ ಕೈಯಿಂದ ಮಾತ್ರೆ ತೆಗೆದುಕೊಳ್ಳಲು ಹೆದರಿದರು. ಸ್ತಾಲಿನ್ ಸತ್ತ ಒಂದೇ ತಿಂಗಳಿಗೆ, ಏಪ್ರಿಲ್ 4ರಂದು, ಅದೆಲ್ಲ ಸುಳ್ಳೆಂದು ಅದೇ ಪತ್ರಿಕೆ ಅಚ್ಚು ಮಾಡಿತು.

ಬಾಬಿ ಯಾರ್‌ನಲ್ಲಿ ಸ್ಮಾರಕ ಕಟ್ಟುವ ಬದಲು ಆ ಕಂದರವನ್ನೇ ಇಟ್ಟಿಗೆ ಕಾರ್ಖಾನೆಗಳ ರಾಡಿಯಿಂದ ತುಂಬಿಸಲು ಹೊರಟರು. 1961ರ ಮಾರ್ಚಿ 13ರಂದು ಕಟ್ಟೆ ಒಡೆದು ಕೆಸರು ಕೆಳಗಿನ ಬಡಾವಣೆಯ ಮೇಲೆ ಹರಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸ್ಮಾರಕ ಬೇಕೆಂದು 1959ರಲ್ಲೇ ಬರೆದವರು ಸ್ತಾಲಿನ್‌ಗ್ರಾದಿನಲ್ಲಿ ಹೋರಾಡಿದ್ದ ರಷ್ಯನ್ ಲೇಖಕ ವಿಕ್ತೊರ್ ನೆಕ್ರಾಸೊವ್. 1961ರಲ್ಲಿ ಆ ಕಂದರದ ಮೇಲೆ ಕವಿತೆ ಬರೆದವರು ಯೆವ್ತುಶೆಂಕೊ, ಅದನ್ನು ಮರುವರ್ಷ ಸಿಂಫನಿಯಾಗಿಸಿದವರು ಶೋಸ್ತಕೊವಿಚ್. ಮೂವರೂ ಯಹೂದಿಗಳಲ್ಲ, ಮೂವರೂ ಅಧಿಕಾರದ ಮುನಿಸಿಗೆ ಗುರಿಯಾದರು. ಕೊನೆಗೆ 1976ರಲ್ಲಿ ಸರ್ಕಾರಿ ಸ್ಮಾರಕ ಎದ್ದಾಗ ಅದರ ಮೇಲಿನ ಬರಹದಲ್ಲಿ ‘ಯಹೂದಿ’ ಎಂಬ ಪದವಿರಲಿಲ್ಲ.

ಸತ್ತವರ ಕಲ್ಲಿನಿಂದ ಬಿಟ್ಟುಹೋದ ಪದ ಬದುಕಿದ್ದವರ ಗುರುತಿನ ಚೀಟಿಯಲ್ಲಿ ಮಾತ್ರ ತಪ್ಪದೆ ಇತ್ತು. 1932ರಲ್ಲಿ ಬಂದ ಆಂತರಿಕ ಪಾಸ್‌ಪೋರ್ಟಿನಲ್ಲಿ ಹೆಸರು, ಹುಟ್ಟಿದ ದಿನದ ಜೊತೆಗೆ ಜನಾಂಗವನ್ನೂ ನಮೂದಿಸುತ್ತಿದ್ದರು. ‘ಪ್ಯಾತಯಾ ಗ್ರಾಫಾ’, ಅಂದರೆ ಐದನೆಯ ಕಲಮು, ಎಂದರೆ ಏನೆಂದು ಪ್ರತಿಯೊಬ್ಬ ಸೋವಿಯತ್ ನಾಗರಿಕನಿಗೂ ತಿಳಿದಿತ್ತು. ಧರ್ಮವನ್ನೇ ಒಪ್ಪದ, ಯಿಡ್ಡಿಷ್ ಗೊತ್ತಿಲ್ಲದ, ರಷ್ಯನ್ ಕವಿತೆಗಳನ್ನು ಬಾಯಿಪಾಠ ಹೇಳುವ ಹುಡುಗನೂ ಅಲ್ಲಿ ಯಹೂದಿಯೇ. ಎಪ್ಪತ್ತರ ದಶಕದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗಣಿತ ವಿಭಾಗದ ಪ್ರವೇಶ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆಂದೇ ಬೇರೆ ಪ್ರಶ್ನೆಗಳಿರುತ್ತಿದ್ದವು. ಕೇಳಲು ಸರಳ, ಉತ್ತರ ಒಂದೆರಡು ಸಾಲು, ಆದರೆ ಆ ಎರಡು ಸಾಲು ಹೊಳೆಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅವಕ್ಕೆ ‘ಶವಪೆಟ್ಟಿಗೆ’ ಎಂದೇ ಅಡ್ಡಹೆಸರು. ಹೀಗೆ ಹೊರಬಿದ್ದವರಿಗಾಗಿ ಬೆಲ್ಲಾ ಸುಬ್ಬೊತೊವ್‌ಸ್ಕಯಾ ಎಂಬ ಗಣಿತಜ್ಞೆ 1978ರಲ್ಲಿ ತನ್ನ ಮನೆಯಲ್ಲೇ ಪಾಠ ಆರಂಭಿಸಿದರು. ನುರಿತ ಗಣಿತಜ್ಞರು ಬಿಡಿಗಾಸು ಪಡೆಯದೆ ಅಲ್ಲಿಗೆ ಬಂದು ಕಲಿಸಿದರು. 1982ರಲ್ಲಿ ಗುಪ್ತದಳದ ವಿಚಾರಣೆ ಶುರುವಾಯಿತು, ಇಬ್ಬರು ಸಂಗಾತಿಗಳ ಬಂಧನವಾಯಿತು; ಆ ಸೆಪ್ಟೆಂಬರಿನ ಒಂದು ರಾತ್ರಿ ಬೆಲ್ಲಾ ಲಾರಿಯೊಂದಕ್ಕೆ ಸಿಕ್ಕಿ ತೀರಿಕೊಂಡರು. ಶಾಲೆ ಆಮೇಲೆ ಹೆಚ್ಚು ಕಾಲ ನಡೆಯಲಿಲ್ಲ.

ದೇಶ ಬಿಡಲು ಅರ್ಜಿ ಹಾಕಿ ನಿರಾಕರಣೆಗೊಳಗಾದವರ ಪರವಾಗಿ ನ್ಯಾಯಾಲಯಗಳ ಹೊರಗೆ ನಿಂತ ರಷ್ಯನ್ ವಿಜ್ಞಾನಿ ಆಂದ್ರೇಯ್ ಸಖಾರೊವ್ ಬಗ್ಗೆ ಹೇಳಲು ಈ ಪತ್ರದಲ್ಲಿ ಜಾಗ ಸಾಲದು. ಬಾಗಿಲು ತೆರೆದದ್ದೇ ತಡ, 1989ರ ಬಳಿಕದ ವರ್ಷಗಳಲ್ಲಿ ಹಿಂದಿನ ಸೋವಿಯತ್ ನಾಡುಗಳಿಂದ ಇಸ್ರೇಲಿಗೆ ಹೋದವರೇ ಸುಮಾರು 10 ಲಕ್ಷ. ಐದನೆಯ ಕಲಮು ರಷ್ಯದ ಪಾಸ್‌ಪೋರ್ಟಿನಿಂದ ಮಾಯವಾದದ್ದು 1997ರಲ್ಲಿ, ಅಷ್ಟು ಹೊತ್ತಿಗೆ ಆ ಕಲಮಿನಲ್ಲಿ ಹೆಸರಿದ್ದವರಲ್ಲಿ ಬಹುಪಾಲು ಜನ ಹೊರಟುಹೋಗಿದ್ದರು. ಹೋಗುವಾಗ ಅವರು ರಷ್ಯನ್ ಭಾಷೆಯನ್ನೂ ಚೆಕಾಫನ ಸಂಪುಟಗಳನ್ನೂ ಯುದ್ಧದ ಪದಕಗಳನ್ನೂ ಜೊತೆಗೆ ಒಯ್ದರು. ಇಸ್ರೇಲಿನಲ್ಲಿ ಮೇ 9ನ್ನು ನಾತ್ಸಿಗಳ ಮೇಲಿನ ವಿಜಯದ ದಿನವಾಗಿ ಆಚರಿಸಲು 2017ರಲ್ಲಿ ಕಾನೂನೇ ಆಯಿತು. ಆ ದಿನ ಕೆಂಪು ಸೇನೆಯ ಪದಕಗಳನ್ನು ಕೋಟಿನ ಮೇಲೆ ಸಾಲಾಗಿ ಸಿಕ್ಕಿಸಿಕೊಂಡ ಮುದುಕರು, ಮೊಮ್ಮಕ್ಕಳ ಕೈ ಹಿಡಿದು, ರಷ್ಯನ್ ಭಾಷೆಯಲ್ಲಿ ಮಾತಾಡಿಕೊಳ್ಳುತ್ತ ಮೆರವಣಿಗೆಯಲ್ಲಿ ನಡೆಯುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ